ಫ್ಲಾರೆನ್ಸಿನಲ್ಲಿ ಕೇಳಿದ ಕನ್ನಡ ಪಾಠ

ಯುರೋಪಿನ ಯಾವ ಹಳೆಯ ಊರಿಗೆ ಹೋದರೂ, ಅಲ್ಲಿನ ಪ್ರಸಿದ್ಧ ಶಿಲ್ಪಗಳಷ್ಟೇ ನಿಶ್ಚಲವಾಗಿ ನಿಂತಿರುವ ಇನ್ನೊಂದು ಬಗೆಯ ಮೂರ್ತಿಗಳು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತವೆ. ಅವು ಹೆಂಡತಿಯ ಕೈಚೀಲ ಹಿಡಿದು ನಿಂತ ಗಂಡಂದಿರು. ಮ್ಯೂಸಿಯಮ್ಮಿನ ಬಾಗಿಲಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ತಮ್ಮ ಅಂಗಿಗೆ ಯಾವ ರೀತಿಯಿಂದಲೂ ಒಪ್ಪದ ಬಣ್ಣದ ಚೀಲವೊಂದನ್ನು ಹೆಗಲಿಗೆ ತೂಗುಹಾಕಿಕೊಂಡು, ದಿಗಂತದತ್ತ ದೃಷ್ಟಿ ನೆಟ್ಟು, ಗಹನವಾದ ತತ್ತ್ವವೊಂದನ್ನು ಚಿಂತಿಸುತ್ತಿರುವಂತೆ ತೋರುವ ಈ ಮಹನೀಯರು ನಿಜಕ್ಕೂ ಚಿಂತಿಸುತ್ತಿರುವುದು ಹತ್ತಿರದ ಬೆಂಚು ಎಲ್ಲಿದೆ ಎಂಬುದನ್ನು ಮಾತ್ರ. ಹೋದ ಮೇ ತಿಂಗಳಲ್ಲಿ ಹನ್ನೆರಡು ದಿನ ನಾನೂ ಈ ಮೂರ್ತಿಸಮೂಹಕ್ಕೆ ಸೇರಿದ್ದೆ. ನನ್ನ ಪಾಲಿಗೆ ಬಂದ ಚೀಲದ ಬಣ್ಣ ನೇರಳೆ.

ನಾನು ಮಿಶಿಗನ್ನಿನ ಲಿವೋನಿಯಾದಲ್ಲಿ ಇರುವವನು. ವೃತ್ತಿಯಿಂದ ಕಾರಿನ ಬ್ರೇಕುಗಳನ್ನು ವಿನ್ಯಾಸ ಮಾಡುವ ಇಂಜಿನಿಯರು. ಪ್ರವೃತ್ತಿಯಿಂದಲೂ ಅದೇ ಎಂಬುದು ನನ್ನ ಹೆಂಡತಿ ಸುನಂದೆಯ ಅಭಿಪ್ರಾಯ: ಮನೆಯಲ್ಲಿ ಯಾರು ಯಾವ ಯೋಜನೆ ಹಾಕಿದರೂ ನಾನು ಮೊದಲು ಒತ್ತುವುದು ಬ್ರೇಕನ್ನಂತೆ. ಯುರೋಪಿನ ವಿಷಯದಲ್ಲಿಯೂ ಹಾಗೇ ಆಯಿತು. ಹತ್ತು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿ ಅವಳು ರೋಮಿನ ಹೆಸರು ಎತ್ತುವುದು, ನಾನು ನನ್ನ ಮೊಣಕಾಲಿನ ಹೆಸರು ಎತ್ತುವುದು ನಡೆದೇ ಇತ್ತು. ಕೊನೆಗೆ ಶಿಕಾಗೋದಲ್ಲಿರುವ ಮಗಳು ಮೇಘನಾ ನಮ್ಮನ್ನು ಕೇಳದೆಯೇ ಅಲ್ಲಿನ ಪ್ರವಾಸ ತಂಡವೊಂದರಲ್ಲಿ ನಮ್ಮಿಬ್ಬರ ಹೆಸರು ಬರೆಸಿ ಫೋನ್ ಮಾಡಿದಳು. ನಾನು ಮೊಣಕಾಲಿನ ಪುರಾಣವನ್ನು ಆರಂಭಿಸುವ ಮೊದಲೇ, "ಡ್ಯಾಡ್, ಇಟ್ಸ್ ಡನ್. ಜಸ್ಟ್ ಗೋ" ಎಂದು ಮುಗಿಸಿಬಿಟ್ಟಳು.

ಹೀಗೆ ನಾವು ಲಿವೋನಿಯಾದಿಂದ ಶಿಕಾಗೋವರೆಗೆ ಡ್ರೈವ್ ಮಾಡಿ, ಮಗಳ ಮನೆಯಲ್ಲಿ ಕಾರು ಬಿಟ್ಟು, ಓಹೇರ್‌ನಲ್ಲಿ ವಿಮಾನ ಹತ್ತಿದೆವು. ತಂಡದಲ್ಲಿ ಇಪ್ಪತ್ತಾರು ಜನ. ಅವರಲ್ಲಿ ಕನ್ನಡ ಮಾತಾಡುವವರು ನಮ್ಮ ಹೊರತು ಇಬ್ಬರೇ: ಶಿಕಾಗೋ ಬಳಿಯ ಎಲ್ಕ್ ಗ್ರೋವ್ ವಿಲೇಜಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರಾಗಿರುವ ವೀರೇಶ, ಮತ್ತು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅವನ ತಾಯಿ ಬಸಮ್ಮ. ವಿಜಯಪುರ ಜಿಲ್ಲೆಯವರು, ಎಪ್ಪತ್ತರ ಆಸುಪಾಸು. ಇಳಕಲ್ ಸೀರೆಗೆ ಮಗನ ಹಳೆಯ ಜಾಕೆಟ್, ಅದಕ್ಕೆ ಬಿಳಿಯ ಕ್ಯಾನ್ವಾಸ್ ಶೂ ಕೂಡಿಸಿ, ನನ್ನ ಮೊಣಕಾಲು ನಾಚುವ ವೇಗದಲ್ಲಿ ನಡೆಯುತ್ತಿದ್ದರು.

ರೋಮು ಮೂರು ದಿನದಲ್ಲಿ ಮುಗಿಯಿತು. ಅಂದರೆ ನಾವು ಮುಗಿದೆವು, ರೋಮು ಹಾಗೆಯೇ ಇತ್ತು. ನಾಲ್ಕನೆಯ ದಿನ ಫ್ಲಾರೆನ್ಸು. ಅಲ್ಲಿ, ಊರನ್ನೇ ಮುಚ್ಚುವಷ್ಟು ದೊಡ್ಡ ಕೆಂಪು ಗುಮ್ಮಟ ಹೊತ್ತ ಮಹಾ ಚರ್ಚಿನ ಮುಂದೆ ನಮ್ಮ ತಂಡವನ್ನು ನಿಲ್ಲಿಸಿ ಗೈಡು ವಿವರಿಸತೊಡಗಿದಳು. ಅವಳ ಮಾತು ಎಲ್ಲರ ಕಿವಿಗೂ ಒಂದೊಂದು ಪುಟ್ಟ ಯಂತ್ರದ ಮೂಲಕ ತಲುಪುವ ವ್ಯವಸ್ಥೆ. ಒಳ್ಳೆಯ ಹೆಂಗಸು, ಒಳ್ಳೆಯ ಇಂಗ್ಲಿಷು. ಆದರೆ ಬಸಮ್ಮನವರಿಗೆ ಅದರಿಂದ ಏನು ಉಪಯೋಗ? ಅವರು ಆ ಯಂತ್ರವನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗನನ್ನು ಹಿಡಿದು ನಿಲ್ಲಿಸಿದರು.

"ಏನಂತಲೋ ಆಕಿ ಹೇಳೂದು?"

"ಅವ್ವಾ, ಇದು ಭಾಳ ಹಳೇ ಚರ್ಚಂತ."

"ನಿನ್ನಿ ನೋಡಿದ್ದು?"

"ಅದೂ ಹಳೇದು."

"ಹಳೇದು ಅನ್ನೂದು ನನಗೂ ಕಾಣತೈತೋ. ಯಾರು ಕಟ್ಟಿದ್ರು, ಯಾಕ ಕಟ್ಟಿದ್ರು, ಅದನ್ ಹೇಳು."

ವೀರೇಶ ತಲೆ ಕೆರೆದುಕೊಂಡ. ಪಾಪ, ಅವನೂ ನನ್ನ ಹಾಗೆ ಇಂಜಿನಿಯರು. ಚರಿತ್ರೆಯನ್ನು ಹತ್ತನೆಯ ತರಗತಿಯ ಪರೀಕ್ಷೆಯ ದಿನವೇ ಮರೆತವನು. ಆಗ ಸುನಂದಾ ತನ್ನ ಕಿವಿಯ ಯಂತ್ರವನ್ನು ತೆಗೆದಳು. ನೇರಳೆ ಚೀಲವನ್ನು ನನ್ನ ಕೈಗೆ ಕೊಟ್ಟಳು. "ಅವ್ವಾರ, ನಾ ಹೇಳಲೇನ್ರಿ?" ಎಂದಳು.

"ಈ ಗುಡಿ ಕಟ್ಟಲಿಕ್ಕೆ ಸುರು ಮಾಡಿದವರಿಗೆ, ಇದರ ಗುಮ್ಮಟ ಹೆಂಗ ಕಟ್ಟಬೇಕು ಅನ್ನೋದು ಗೊತ್ತೇ ಇರಲಿಲ್ರಿ. ಗ್ವಾಡಿ ಎದ್ದವು, ಕಂಬ ಎದ್ದವು. ಆವಾಗ ಹುಟ್ಟಿದ ಮಕ್ಕಳು ಮುದುಕರಾದ್ರು. ಮ್ಯಾಲೆ ಮಾತ್ರ ಬರೇ ಆಕಾಶ."

"ಹಂಗಾರ ಯಾಕ ಸುರು ಮಾಡಿದ್ರಂತ್ರಿ?"

"ಮುಂದ ಹುಟ್ಟೋರಿಗೆ ಗೊತ್ತಾದೀತು ಅಂತ ಧೈರ್ಯ ಮಾಡಿದ್ರು."

ಬಸಮ್ಮ ಕತ್ತೆತ್ತಿ ಗುಮ್ಮಟವನ್ನು ನೋಡಿದರು. ಆ ಕ್ಷಣದವರೆಗೆ ಅದು ಅವರಿಗೆ ಇನ್ನೊಂದು ಹಳೆಯ ಕಟ್ಟಡವಾಗಿತ್ತು. ಈಗ ಅದರ ಬಗ್ಗೆ ಆತಂಕ ಹುಟ್ಟಿತ್ತು. "ಕಡೀಕ ಯಾರು ಕಟ್ಟಿದ್ರಂತ್ರಿ?"

ಅಕ್ಕಸಾಲಿಗರ ಕೆಲಸ ಕಲಿತ ಒಬ್ಬ ಮನುಷ್ಯ ಬಂದದ್ದು, ಒಳಗೆ ಕಟ್ಟಿಗೆಯ ಆಸರೆ ಕೊಡದೆಯೇ ಕಟ್ಟುತ್ತೇನೆಂದದ್ದು, ಜನ ಅವನಿಗೆ ಹುಚ್ಚು ಎಂದದ್ದು, ಇಟ್ಟಿಗೆಗಳನ್ನು ಒಂದಕ್ಕೊಂದು ಹೆಣೆದು ಸುತ್ತು ಸುತ್ತಾಗಿ ಮೇಲೇರಿಸಿದ್ದು, ಎಲ್ಲವನ್ನೂ ಅವಳು ಹೇಳಿದಳು. ಇದು ಗೋಳಗುಮ್ಮಟಕ್ಕಿಂತ ಇನ್ನೂರು ವರ್ಷ ಮೊದಲಿನದು ಎಂದಾಗ ಬಸಮ್ಮನವರಿಗೆ ತುಸು ನೋವಾದಂತೆ ಕಂಡಿತು. ಸುನಂದಾ ಕೂಡಲೇ ಅದನ್ನು ಗ್ರಹಿಸಿ, "ಆದ್ರ ಪಿಸುಮಾತಾಡಿದ್ರೂ ಸುತ್ತೆಲ್ಲ ಕೇಳಸ್ತದಲ್ಲ, ಆ ಕೌತುಕ ನಿಮ್ಮೂರಿಂದು" ಎಂದು ಸಮಾಧಾನ ಮಾಡಿದಳು.

ಓದುಗರೇ, ನಾನು ಗುಮ್ಮಟವನ್ನು ನೋಡುತ್ತಿರಲಿಲ್ಲ. ಮೂವತ್ತೆರಡು ವರ್ಷ ಜೊತೆಗಿದ್ದ ಹೆಂಡತಿಯ ದನಿಗಳೆಲ್ಲ ನನಗೆ ಗೊತ್ತು ಎಂದುಕೊಂಡಿದ್ದೆ: ಊಟಕ್ಕೆ ಕರೆಯುವ ದನಿ, ಫೋನಿನಲ್ಲಿ ತಂಗಿಯೊಡನೆ ನಗುವ ದನಿ, ನಾನು ತಪ್ಪು ಮಾಡಿದಾಗ ಹೊರಡದೆ ಉಳಿಯುವ ದನಿ. ಇದು ಅವು ಯಾವುವೂ ಅಲ್ಲ. ಎತ್ತರವಿಲ್ಲದೆ ದೂರ ಹೋಗುವ, ಕೇಳುವವರ ಮುಖ ನೋಡಿಕೊಂಡು ನಿಲ್ಲಬೇಕಾದಲ್ಲಿ ನಿಲ್ಲುವ ಈ ದನಿ ಇಷ್ಟು ದಿನ ಎಲ್ಲಿತ್ತು?

ಬಸಮ್ಮ ನನ್ನ ಪ್ರಶ್ನೆಯನ್ನು ತಾವೇ ಕೇಳಿಬಿಟ್ಟರು. "ನೀವು ಅಕ್ಕೋರೇನ್ರಿ?" ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ.

"ಆಗಿದ್ದೆ. ಗದಗಿನ ಹೈಸ್ಕೂಲಿನಾಗ ಎರಡು ವರ್ಷ ಇತಿಹಾಸ ಕಲಸ್ತಿದ್ದೆ. ಈ ಊರಿನ ಪಾಠಾನೂ ಹೇಳಿದ್ದೆ, ನೋಡದೆ."

"ಮತ್ಯಾಕ ಬಿಟ್ರಿ?"

ಸುನಂದಾ ನನ್ನ ಕಡೆ ನೋಡಲಿಲ್ಲ. "ಅಮೆರಿಕಕ್ಕ ಬಂದ್ವಿ, ಹಂಗೇ ಬಿಟ್ಟುಹೋತು" ಎಂದು ನಕ್ಕಳು.

ಹಾಗೇ ಬಿಟ್ಟುಹೋಗಿರಲಿಲ್ಲ. ಮೊದಲು ನಾವಿದ್ದದ್ದು ಶಿಕಾಗೋ ಹತ್ತಿರದ ಅರೋರಾದಲ್ಲಿ. ಅಲ್ಲಿ ಅವಳು, ಈ ದೇಶದಲ್ಲಿ ಪಾಠ ಹೇಳಲು ಬೇಕಾದ ಸರ್ಟಿಫಿಕೇಟಿಗಾಗಿ ಕಾಲೇಜಿಗೆ ಸೇರಿ, ಹಿಮದಲ್ಲಿ ಬಸ್ಸು ಹಿಡಿದು ಹೋಗಿ ಅರ್ಧದಷ್ಟು ಮುಗಿಸಿದ್ದಳು. ಆಗ ನನಗೆ ಲಿವೋನಿಯಾದ ನೌಕರಿ ಸಿಕ್ಕಿತು. ಒಂದು ಶುಕ್ರವಾರ ಕಂಪನಿಯವರು ಕೇಳಿದರು, ಅಲ್ಲಿಯೇ ಹೂಂ ಅಂದೆ. ಸಂಜೆ ಮನೆಗೆ ಬಂದು ಅದನ್ನು ಶುಭವಾರ್ತೆಯೆಂಬಂತೆ ಹೇಳಿದೆ. "ನಿನ್ನ ಓದು ಅಲ್ಲೇ ಮುಂದುವರಿಸಿದರಾಯಿತು" ಎಂದೆ. ರಾಜ್ಯ ಬದಲಾದ ಮೇಲೆ ಓದಿದ್ದರಲ್ಲಿ ಬಹುಭಾಗ ಲೆಕ್ಕಕ್ಕೆ ಬರಲಿಲ್ಲ, ಮತ್ತೆ ಮೊದಲಿನಿಂದ ಎಂದರು. ಅಷ್ಟರಲ್ಲಿ ಮೇಘನಾ ಹುಟ್ಟಿದಳು. ಮುಂದೆ ಇಪ್ಪತ್ತು ವರ್ಷ ಸುನಂದಾ ಒಬ್ಬ ದಂತವೈದ್ಯರ ಆಫೀಸಿನಲ್ಲಿ ಜನರ ಹಲ್ಲುಗಳಿಗೆ ಅಪಾಯಿಂಟ್‌ಮೆಂಟ್ ಕೊಡುತ್ತ ಕೂತಳು. ಅವಳು ಒಮ್ಮೆಯೂ ಗೊಣಗಲಿಲ್ಲವಾದ್ದರಿಂದ ಅವಳಿಗೆ ಬೇಸರವಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಸದ್ದು ಮಾಡದ ಯಂತ್ರ ಸರಿಯಾಗಿದೆ ಎಂದು ನಂಬುವ ಇಂಜಿನಿಯರನನ್ನು ನಮ್ಮ ಆಫೀಸಿನಲ್ಲಾದರೆ ಮನೆಗೆ ಕಳಿಸುತ್ತೇವೆ.

ಆ ಸಂಜೆ ಬಿಸಿಲು ಇನ್ನೂ ಇಳಿದಿರಲಿಲ್ಲ. ನದಿಯ ಪಕ್ಕದ ಕಟ್ಟೆಯ ಮೇಲೆ ನಾವಿಬ್ಬರೇ ಕೂತಿದ್ದಾಗ ಕೇಳಿದೆ.

"ಅರೋರಾ ಬಿಟ್ಟಾಗ ನಿನಗ ಬ್ಯಾಸರಾಗಿತ್ತೇನು?"

"ಇಪ್ಪತ್ತೆಂಟು ವರ್ಷ ಆದಮ್ಯಾಲೆ ಕೇಳ್ತೀರಲ್ಲ."

"ತಪ್ಪಾತು."

"ಬ್ಯಾಸರ ಅಲ್ರೀ, ಸಿಟ್ಟು ಬಂದಿತ್ತು. ನೌಕರಿ ತಗೊಂಡದ್ದಕ್ಕಲ್ಲ. ತಗೊಳ್ಳೋದು ಸರೀನ ಇತ್ತು, ನಾನೂ ಹೂಂ ಅಂತಿದ್ದೆ. ಒಂದು ಮಾತು ಕೇಳಬೇಕಾಗಿತ್ತು. ಪುಸ್ತಕ ಎಲ್ಲಾ ಡಬ್ಬಿಗೆ ನಾನೇ ತುಂಬಿದೆ, ನೀವು ಟೇಪ್ ಹಚ್ಚಿದ್ರಿ. ಆವಾಗರೆ ಕೇಳ್ತೀರಿ ಅಂತ ನೋಡಿದೆ."

ನನಗೆ ಟೇಪು ಹಚ್ಚಿದ್ದು ನೆನಪಿತ್ತು. ಸೊಗಸಾಗಿ ಹಚ್ಚಿದೆನೆಂಬ ಹೆಮ್ಮೆಯೂ ನೆನಪಿತ್ತು. ಅವಳು ಎದ್ದು ಸೇತುವೆಯ ಕಡೆಗೆ ಒಬ್ಬಳೇ ನಡೆದು ಹೋದಳು. ಅರ್ಧ ಗಂಟೆಯ ಮೇಲೆ ಬಂದಾಗ ಕಣ್ಣು ಕೆಂಪಾಗಿದ್ದವು. "ನಡೀರಿ, ಊಟದ ಹೊತ್ತಾತು" ಎಂದಳು. ಅವಳ ಕ್ಷಮೆ ದೊರಕಿತೆಂದು ನಾನು ಹೇಳಲಾರೆ. ಆದರೆ ನಡೆಯುವಾಗ ನನ್ನ ಮೊಣಕಾಲಿನ ವೇಗಕ್ಕೆ ತನ್ನ ಹೆಜ್ಜೆ ಹೊಂದಿಸಿಕೊಂಡಳು.

ಮರುದಿನದಿಂದ ನಮ್ಮ ತಂಡದೊಳಗೊಂದು ಉಪತಂಡ ಹುಟ್ಟಿತು. ವೆನಿಸಿನ ಕಾಲುವೆಗಳ ಬಳಿ, ವಿಯೆನ್ನಾದ ಅರಮನೆಯ ಮುಂದೆ, ಬಸಮ್ಮ, ವೀರೇಶ ಮತ್ತು ನಾನು ಅವಳ ಸುತ್ತ ನಿಲ್ಲುತ್ತಿದ್ದೆವು. ಹಿಂದಿನ ಸಂಜೆಯೇ ಅವಳು ಹೋಟೆಲಿನಲ್ಲಿ ಫೋನು ಹಿಡಿದು ಓದಿ, ಗುರುತು ಹಾಕಿಕೊಳ್ಳುತ್ತಿದ್ದಳು. ಬೆಂಚುಗಳ ಅನ್ವೇಷಣೆಯನ್ನು ನಾನು ಮರೆತೆ. ಚೀಲ ಮಾತ್ರ ನನ್ನಲ್ಲೇ ಇತ್ತು. ಅಕ್ಕೋರಿಗೆ ಕೈಗಳು ಬೇಕಾಗಿದ್ದವು.

ಓಹೇರ್‌ನಲ್ಲಿ ಬೀಳ್ಕೊಳ್ಳುವಾಗ ಬಸಮ್ಮ ಅವಳ ಎರಡೂ ಕೈ ಹಿಡಿದರು. "ಅಕ್ಕೋರ, ನನ್ನ ಮಗ ನನಗ ಊರು ತೋರಿಸಿದ. ನೀವು ತಿಳಿಸಿದ್ರಿ." ಸುನಂದಾ ಬಾಗಿ ಅವರ ಕಾಲು ಮುಟ್ಟಿದಳು. ವೀರೇಶ "ಥ್ಯಾಂಕ್ಯೂ ಆಂಟಿ" ಎಂದ. ನಾನೂ ಬಸಮ್ಮನವರಿಗೆ ಏನೋ ಹೇಳಬೇಕೆಂದಿದ್ದೆ. ಸೂಟ್‌ಕೇಸುಗಳು ಎಲ್ಲ ಬಂದವೇ ಎಂದಷ್ಟೇ ವಿಚಾರಿಸಿದೆ.

ಶಿಕಾಗೋದಿಂದ ಲಿವೋನಿಯಾಕ್ಕೆ ಮರಳುವ ದಾರಿಯಲ್ಲಿ ಸಾಮಾನ್ಯವಾಗಿ ಅವಳು ನಿದ್ದೆ ಮಾಡುತ್ತಾಳೆ, ನಾನು ರೇಡಿಯೋ ಕೇಳುತ್ತೇನೆ. ಈ ಸಲ ನಾನು ವೆನಿಸಿನ ವ್ಯಾಪಾರಿಗಳ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಅವಳು ಇಡೀ ಮಿಶಿಗನ್ ಉದ್ದಕ್ಕೂ ಉತ್ತರ ಹೇಳಿದಳು. ಆನ್ ಆರ್ಬರ್ ಬಳಿ ಹಿಡಿಯಬೇಕಾಗಿದ್ದ ಎಕ್ಸಿಟ್ ಕೈತಪ್ಪಿ, ಸುತ್ತುಹಾಕಿ ಮನೆ ಸೇರಿದೆವು. ಇಪ್ಪತ್ತೆಂಟು ವರ್ಷ ಓಡಾಡಿದ ದಾರಿಯಲ್ಲಿ ಹಾದಿ ತಪ್ಪಿದವನಿಗೆ ಅವಳು ಏನೂ ಅನ್ನಲಿಲ್ಲ.

ಎರಡು ವಾರದ ನಂತರ ಬಸಮ್ಮನವರ ಫೋನು ಬಂತು. ಮಗನ ಮನೆಯ ಓಣಿಯಲ್ಲಿ, ಅವರಂತೆಯೇ ಮಕ್ಕಳ ಮನೆಗೆ ಬಂದು ಹಗಲೆಲ್ಲ ಕಿಟಕಿ ನೋಡುತ್ತ ಕೂರುವ ತಂದೆತಾಯಿಯರು ಇನ್ನೂ ಆರು ಜನ ಇದ್ದಾರಂತೆ. ಅವರಿಗೆಲ್ಲ ಗುಮ್ಮಟದ ಕಥೆ ಹೇಳಹೋಗಿ, ಅಕ್ಕಸಾಲಿಗನ ಹತ್ತಿರ ಬರುವಷ್ಟರಲ್ಲಿ ಮರೆತುಬಿಟ್ಟರಂತೆ. "ನೀವೇ ಹೇಳಿಬಿಡ್ರಿ. ನನ್ನ ಮಗ ಕಂಪ್ಯೂಟರ್ ಹಚ್ಚಿಕೊಡ್ತಾನ."

ಸುನಂದಾ ಫೋನನ್ನು ಕೈಯಿಂದ ಮುಚ್ಚಿ ನನ್ನತ್ತ ನೋಡಿದಳು. "ಭಾನುವಾರ ನಮ್ಮ ಹನ್ನೊಂದಕ್ಕ ಅಂತಾರ, ಶಿಕಾಗೋದಾಗ ಆವಾಗ ಹತ್ತು. ನಿಮಗ ಏನನಸ್ತದ?"

ಅವಳು ನನ್ನನ್ನು ಕೇಳಿದಳು. ನಾನು ಅವಳನ್ನು ಕೇಳದೆಯೇ ಕರೆತಂದ ಊರಿನಲ್ಲಿ ನಿಂತು ಕೇಳಿದಳು. "ನಿನಗ ಏನನಸ್ತದೋ ಅದು" ಎಂದೆ.

ಆ ಭಾನುವಾರ ಹತ್ತೂವರೆಗೇ ಹಸಿರು ಸೀರೆ ಉಟ್ಟು, ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಪರದೆಯ ಮೇಲೆ ಏಳು ಮುಖಗಳು. ಒಬ್ಬರದು ಹಣೆಯಷ್ಟೇ ಕಾಣುತ್ತಿತ್ತು. ನಾನು ಚಿತ್ರದಲ್ಲಿ ಬೀಳದಂತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡೆ. ಮುಕ್ಕಾಲು ಗಂಟೆಯ ಪಾಠ. ನಡುವೆ ಒಬ್ಬ ಯಜಮಾನರು ಎರಡು ಸಲ ಸಂದೇಹ ಕೇಳಿದರು, ಒಬ್ಬ ತಾಯಿ ತೂಕಡಿಸಿದರು. ಯಾವ ತರಗತಿಯಲ್ಲಾದರೂ ಇಷ್ಟು ಇದ್ದದ್ದೇ. ಕೊನೆಗೆ ಎಲ್ಲರೂ ಕೈಮುಗಿದರು.

ಅವಳು ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಅಂಗೈ ಊರಿದಳು. ಆಮೇಲೆ ಹಿಂತಿರುಗಿ ನೋಡದೆ ಕೇಳಿದಳು:

"ದನಿ ಇನ್ನೂ ಮೊದಲಿನಂಗೇ ಅದ ಅಲ್ಲಾ?"

"ಮೊದಲಿಂದು ನಾ ಕೇಳಿಲ್ಲ ಸುನಂದಾ. ಈಗಿಂದು ಭಾಳ ಛಂದ ಅದ."

"ಹಂಗಾದ್ರ ಮುಂದಿನ ವಾರ ಬಾಗಲದಾಗ ಕೂಡಬ್ಯಾಡ್ರಿ" ಎಂದಳು. "ಮುಂದ ಬಂದು ಕೂಡ್ರಿ."