ಅವ್ವನಿಗೆ ಬೇಡವಾದ ‘ಬಟ್’

ಆಗ ಕೌಜಲಗಿಯ ನಮ್ಮ ಮನೆಯಲ್ಲಿ ಹತ್ತನೇ ತರಗತಿಯವರು ಇಬ್ಬರಿದ್ದೆವು: ನಾನು ಮತ್ತು ನಮ್ಮವ್ವ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಹತ್ತನೇ ಪಾಸಾದರೆ ಶಿಕ್ಷಕಿಯಾಗಬಹುದು ಎಂದು ಮೇಲಿನವರು ಹೇಳಿದ್ದೇ ತಡ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿಬಿಟ್ಟಳು. ಒಂಬತ್ತನೇ ತರಗತಿಗೇ ಶಾಲೆ ಬಿಡಿಸಿ ಅವಳ ಮದುವೆ ಮಾಡಿದ್ದರು. ಬೇರೆ ವಿಷಯಗಳಿಗೆ ಅವಳು ಹೆದರಲಿಲ್ಲ. ಇಂಗ್ಲಿಷಿಗೆ ಮಾತ್ರ ನಾನೇ ಗುರು.

ಸಂಕ್ರಾಂತಿ ಮುಗಿದಿತ್ತು. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೆಂಡದಲ್ಲಿ ಸುಟ್ಟ ಹಸಿಗಡಲೆಯ ವಾಸನೆ ಅಂಗಳದವರೆಗೂ ಬರುತ್ತಿತ್ತು. ಅವಳ ನೋಟುಬುಕ್ಕಿನ ಪುಟಗಳ ತುಂಬ ಜೋಳದ ಹಿಟ್ಟಿನ ಬೆರಳಚ್ಚು.

‘ದ್ಯಾನ್’ ಅಂದರೆ ‘ಕಿಂತ’ ಎಂದು ಹೇಳಿಕೊಟ್ಟ ದಿನ ಅವ್ವ ಕೇಳಿದಳು, “ಹಂಗಾರ ನಮ್ಮ ಎಮ್ಮಿ ನಿಮ್ಮಪ್ಪಗಿಂತ ಶಾಣೆ ಐತಿ ಅಂತ ಬರೀಲೇನ?”

ಹೊರಗಿದ್ದ ಅಪ್ಪ ಕೂಗಿದ, “ಬರಿ, ಬರಿ. ಆ ಶಾಣೆ ಎಮ್ಮಿ ಹಾಲ ನಾನ ಹಿಂಡ್ತೇನಿ. ನೀವಿಬ್ರೂ ಓದ್ರಿ.”

ಶಾಲೆಯಲ್ಲಿ ಹುಡುಗಿಯರು, “ನಿಮ್ಮವ್ವಗೂ ನಿನಗೂ ಒಂದ ಪೇಪರೇನ?” ಎಂದು ನಗುತ್ತಿದ್ದರು. ಅವರಿಗೆ ಏನೂ ಅನ್ನಲಾಗದ ಸಿಟ್ಟನ್ನು ಮನೆಗೆ ಬಂದು ಅವ್ವನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಒಂದು ಅಕ್ಷರ ತಪ್ಪಿದರೂ ಹತ್ತು ಸಲ ಬರೆಸುತ್ತಿದ್ದೆ. ಅವಳು ಹತ್ತೂ ಸಲ ಬರೆಯುತ್ತಿದ್ದಳು.

ಫೆಬ್ರವರಿಯಲ್ಲಿ ‘ಆಲ್ದೋ’ ಬಂತು. ಎರಡು ವಾಕ್ಯಗಳನ್ನು ಅದರಿಂದ ಜೋಡಿಸಬೇಕು. ನಾನು ಮೊದಲಿಗೆ ‘ಆಲ್ದೋ’, ನಡುವೆ ‘ಬಟ್’ ಹಾಕಿ ತೋರಿಸಿದೆ. ಅವ್ವ ಬರೆದದ್ದರಲ್ಲಿ ‘ಬಟ್’ ಇರಲಿಲ್ಲ.

“ಬಟ್ ಎಲ್ಲಿ?”

“ಅದ್ಯಾಕ ಬೇಕ? ಮಳಿ ಬಂದ್ರೂ ನಾ ಅಂಗನವಾಡಿಗೆ ಹೋದೆ ಅಂತೇವಿ. ಇದರಾಗ ‘ಆದ್ರ’ ಎಲ್ಲೈತಿ? ‘ಬಂದ್ರೂ’ ಅಂದ ಮ್ಯಾಲ ಮುಗೀತಲ್ಲ.”

“ಇದು ಕನ್ನಡ ಅಲ್ಲ, ಇಂಗ್ಲಿಷ್. ನಿನಗ ತಿಳಿಯಂಗಿಲ್ಲ, ಹಾಕು,” ಎಂದೆ. ಅವ್ವ ಸಾಲುಗಳ ನಡುವೆ ಸಣ್ಣದಾಗಿ ‘ಬಟ್’ ತುರುಕಿದಳು.

ಮರುದಿನ ಇಂಗ್ಲಿಷ್ ಸರ್ ನನ್ನ ವಾಕ್ಯದಲ್ಲಿದ್ದ ‘ಬಟ್’ಗೆ ಕೆಂಪು ಗೆರೆ ಎಳೆದು, “ಎರಡರಾಗ ಒಂದ ಸಾಕವಾ,” ಎಂದರು. ಮನೆಗೆ ಬಂದು ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಬೇಡ, ನಾಳೆ ಎನ್ನುತ್ತ ಪರೀಕ್ಷೆಯೇ ಬಂತು. ಅಷ್ಟು ದಿನವೂ ಅವ್ವ ಎಲ್ಲ ‘ಆಲ್ದೋ’ಗೂ ಒಂದೊಂದು ‘ಬಟ್’ ಹಾಕುತ್ತಲೇ ಇದ್ದಳು.

ನನ್ನ ಪರೀಕ್ಷೆ ಊರಲ್ಲೇ, ಅವಳದು ಗೋಕಾಕದಲ್ಲಿ. ಇಂಗ್ಲಿಷ್ ಪೇಪರಿನ ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ತಿರುವಿನಲ್ಲಿ ಕಂಡಾಗ ನನ್ನಿಂದ ತಡೆಯಲಾಗಲಿಲ್ಲ.

“ಅವ್ವಾ, ಆಲ್ದೋ ಇದ್ರ ಬಟ್ ಬ್ಯಾಡ. ನೀ ಹೇಳಿದ್ದ ಖರೆ.”

“ಯಾವಾಗ ಗೊತ್ತಾತ?”

“ಆಗ, ಮರುದಿನಾನ.”

“ಮತ್ತ ಹೇಳಲಿಲ್ಲ?”

“ನಾಚಿಕಿ ಬಂತ.”

ಅವ್ವ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು. “ನಾ ದಿನಾ ನಿನ್ನ ಮುಂದ ತಪ್ಪ ಮಾಡೇನಿ. ನಾನೂ ನಾಚಿಕೊಂಡ ಕುಂತಿದ್ರ ಇವತ್ತ ಈ ಬಸ್ಸಿಗೆ ನಿಂದರತಿದ್ದಿಲ್ಲ.”

ಅಷ್ಟು ಹೇಳಿ ಬಸ್ಸು ಹತ್ತಿದಳು. ನಾನು ನನ್ನ ಪರೀಕ್ಷಾ ಕೇಂದ್ರದತ್ತ ಓಡಿದೆ. ಕಣ್ಣು ಒರೆಸಿಕೊಂಡು ಪ್ರಶ್ನೆಪತ್ರಿಕೆ ಬಿಡಿಸಿದರೆ ‘ಆಲ್ದೋ’ ಬಂದೇ ಬಂದಿತ್ತು. ಮಧ್ಯಾಹ್ನ ಬಸ್ಸಿನಿಂದ ಇಳಿದವಳೇ ಅವ್ವ, “ಬಟ್ ಹಾಕಲಿಲ್ಲ ನೋಡ,” ಎಂದು ನಕ್ಕಳು. ಇಂಗ್ಲಿಷಿನಲ್ಲಿ ಅವಳಿಗೆ ಬಂದದ್ದು ನನ್ನ ಅಂಕಗಳ ಅರ್ಧ. ಆದರೂ ಪಾಸು.

ಈಗ ಅವ್ವ ಮೂಡಲಗಿ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಶಿಕ್ಷಕಿ. ತನ್ನ ವರದಿಗಳನ್ನು ತಾನೇ ಮೊಬೈಲಿನಲ್ಲಿ ತುಂಬುತ್ತಾಳೆ, ಯಾರನ್ನೂ ಕೇಳುವುದಿಲ್ಲ. ನಾನು ಹುಕ್ಕೇರಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಚೆನ್ನಾಗಿಯೇ ಕಲಿಸುತ್ತೇನೆ. ಊರಿಗೆ ಹೋದರೆ ಅವ್ವ ಬಿಸಿ ರೊಟ್ಟಿ ಹಾಕಿ, “ಮತ್ತೊಂದ ತಗೋ,” ಎಂದು ಎದುರು ಕೂರುತ್ತಾಳೆ. ಪ್ರೀತಿಗೆ ಯಾವ ಕೊರತೆಯೂ ಇಲ್ಲ. ಆದರೆ ಆ ಮೂರು ತಿಂಗಳು ಅವಳು ನನ್ನ ಓರಗೆಯವಳಾಗಿದ್ದಳು. ಫಲಿತಾಂಶ ಬಂದ ದಿನವೇ ಮತ್ತೆ ಅವ್ವನಾದಳು.