ಎಫಿಯ ಹತ್ತಡಿ ಕೋಲು

ಅತಿಥಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಮೀನು ಎಲ್ಲಿದೆಯೆಂದು ತೋರಿಸುವವರಿಗೆ ಸ್ಕಾಟ್ಲೆಂಡಿನ ನಮ್ಮ ಗುಡ್ಡಸೀಮೆಯಲ್ಲಿ ಗಿಲ್ಲಿ ಎನ್ನುತ್ತಾರೆ. ಈ ಗಿಲ್ಲಿಯ ಕೈಗೆ ದಾಂಡು ಬರುವುದಿಲ್ಲ. ಗಾಳದ ಕೋಲು ಅತಿಥಿಯದು. ಗಿಲ್ಲಿಗೆ ಉಳಿಯುವುದು ಹುಟ್ಟು, ಸೊಂಟನೋವು ಮತ್ತು ತಪ್ಪಿಸಿಕೊಂಡ ಮೀನಿನ ಬಗ್ಗೆ ಬೈಗುಳ. ನಮ್ಮ ಹೋಟೆಲಿನ ಗಿಲ್ಲಿ ಎಫಿ ಮೆಕ್ರೇ. ನಾನು ಅಲ್ಲಿ ಅಡುಗೆಯವಳು, ಕನ್ನಡನಾಡಿನಿಂದ ಬಂದವಳು. ಅವಳು ತೋರಿಸಿದ ಮೀನು ಕೊನೆಗೆ ನನ್ನ ಬಾಣಲೆಗೆ ಬರುತ್ತಿದ್ದುದರಿಂದ ನಮ್ಮಿಬ್ಬರಿಗೆ ಸ್ನೇಹವಾಗಿತ್ತು.

ಹುಟ್ಟಿದಾಗಿನಿಂದ ಹುಟ್ಟು ಹಿಡಿದವಳಂತೆ ಕಾಣುತ್ತಿದ್ದ ಎಫಿ ಒಂದು ದಿನವೂ ತಾನಾಗಿ ಗಾಳ ಹಾಕಿದವಳಲ್ಲ. ಇಲ್ಲಿಯವರು ಲಾಖ್ ಎನ್ನುವ ನಮ್ಮ ಸರೋವರದ ಉತ್ತರದ ಕೊಲ್ಲಿಗೆ ಯಾರನ್ನೂ ಕರೆದೊಯ್ದವಳಲ್ಲ. ಅಷ್ಟು ದೊಡ್ಡ ಸರೋವರದಲ್ಲಿ ಅದೊಂದೇ ಮೂಲೆ ಯಾಕೆ ಬೇಡ ಎಂದು ಅತಿಥಿಗಳು ಕೇಳಿದರೆ, “ಅಲ್ಲಿ ಬಂಡೆ ಇದೆ” ಎನ್ನುತ್ತಿದ್ದಳು. ಅಲ್ಲಿ ಬಂಡೆ ಇರಲಿಲ್ಲ, ಮುರ್ಡೋ ಇದ್ದ. ಅಥವಾ ಇರಲಿಲ್ಲ. ಅದೇ ತೊಂದರೆ.

ಮುರ್ಡೋ ಅವಳ ಅಣ್ಣ, ಊರಿನ ಅಂಚೆಯವನು, ಎಡಚ. ಅವನು ಮೀನಿಗೆ ಹೊರಟಾಗ ಹುಟ್ಟು ಹಾಕುವುದು, ಮೀನನ್ನು ಮರುಳು ಮಾಡಲು ಗರಿಯಲ್ಲಿ ಮಾಡಿದ ನೊಣಗಳನ್ನು ಗಾಳದ ದಾರಕ್ಕೆ ಕಟ್ಟುವುದು ಎಫಿಯ ಕೆಲಸವಾಗಿತ್ತು. ಅವಳು ಕಟ್ಟಿದ್ದನ್ನು ಬಿಚ್ಚಿ ಎಡಗೈ ಸುತ್ತಿನಲ್ಲಿ ಮತ್ತೆ ಕಟ್ಟುವುದು ಅವನ ಚಟ. ಒಂದು ವಸಂತದ ಬೆಳಿಗ್ಗೆ ದೋಣಿಕಟ್ಟೆಯ ಮೇಲೆ ನಿಂತು ಅವನು ಮತ್ತೆ ಬಿಚ್ಚತೊಡಗಿದಾಗ ಎಫಿಗೆ ರೇಗಿತು. “ಅಷ್ಟು ಜಾಣ ಆಗಿದ್ರೆ ಹುಟ್ಟೂ ನೀನೇ ಹಾಕ್ಕೊಂಡ್ ಹೋಗು” ಎಂದು ಹುಟ್ಟುಗಳನ್ನು ದೋಣಿಗೆ ಎಸೆದು ಮನೆಗೆ ನಡೆದಳು.

ಇಲ್ಲಿ ದಡ ಬಿಡುವಾಗ ದೋಣಿಯನ್ನು ಬಲಕ್ಕೆ, ಸೂರ್ಯ ಸಾಗುವ ದಿಕ್ಕಿಗೇ ತಿರುಗಿಸಬೇಕು, ನಮ್ಮ ಪ್ರದಕ್ಷಿಣೆಯ ಹಾಗೆ. ಇದು ಮೂಢನಂಬಿಕೆ ಎಂದು ಬೈಯುವ ಪಾದ್ರಿಗಳೂ ಬಲಕ್ಕೇ ತಿರುಗಿಸುತ್ತಾರೆ. ಮುರ್ಡೋ ತಂಗಿಗೆ ಕಾಣಲೆಂದೇ ಎಡಕ್ಕೆ ತಿರುಗಿಸಿ ಉತ್ತರದ ಕೊಲ್ಲಿಯತ್ತ ಹೋದ. ಮಧ್ಯಾಹ್ನಕ್ಕೆ ಮುಂಚೆ ದೋಣಿ ತಾನಾಗಿ ಕಟ್ಟೆಗೆ ಬಂದು ನಿಂತಿತು. ಹುಟ್ಟುಗಳನ್ನು ಒಳಗೆ ನೀಟಾಗಿ ಮಲಗಿಸಿಟ್ಟಿತ್ತು. ಕೋಲಿಲ್ಲ, ಮುರ್ಡೋ ಇಲ್ಲ. ಲಾಖ್ ಹುಡುಕಿದವರಿಗೆ ಕೊನೆಗೂ ಏನೂ ಸಿಗಲಿಲ್ಲ.

ಎಫಿ ಗಿಲ್ಲಿಯಾದದ್ದು ಆಮೇಲೆ. ಒಮ್ಮೆ ನಾನು ಮೀನು ಉಜ್ಜುತ್ತಿದ್ದಾಗ ಯಾರಿಗೋ ಹೇಳುವವಳಂತೆ ಹೇಳಿದ್ದಳು: “ಸಿಟ್ಟಲ್ಲೇ ಹೋದ್ನಾ, ನಗ್ತಾ ಹೋದ್ನಾ, ಅದೊಂದು ಗೊತ್ತಾದ್ರೆ ಸಾಕು ನಂಗೆ.”

ಈಗ ಅವಳ ಭುಜ ಮುಷ್ಕರ ಹೂಡಿತ್ತು. ಹೋಟೆಲಿನವರು ಬೀಳ್ಕೊಡುಗೆಗೆಂದು, ನಿನಗೆ ಬೇಕಾದ ಗಾಳದ ಕೋಲು ಆರಿಸಿಕೋ ಎಂದರು. ಕುರುಡನಿಗೆ ಕನ್ನಡಿ ಕೊಟ್ಟಂತಾಯಿತೇನೋ ಎಂದುಕೊಂಡು ನಾನೂ ಜೊತೆಗೆ ಹೋದೆ.

ಅಂಗಡಿಯ ಫಾರ್ಕರ್ ಶಾಲೆಯಲ್ಲಿ ಎಫಿಯ ಜೊತೆ ಓದಿದವನು.

“ಗಿಡ್ಡದೊಂದು ಕೊಡು. ಹೊಳೆಗೆ ಸಾಕು,” ಎಂದಳು ಎಫಿ.

“ಹೊಳೆಗಾ? ಮನೆಬಾಗಿಲಲ್ಲಿ ಲಾಖ್ ಇಟ್ಕೊಂಡು? ಸಮುದ್ರದ ಪಕ್ಕ ಮನೆ ಕಟ್ಟಿ ಬಚ್ಚಲಲ್ಲಿ ಈಜ್ತೀನಿ ಅಂದಂಗಾಯ್ತು.”

“ನೀನು ಅಂಗಡಿ ನಡೆಸ್ತೀಯೋ, ಪ್ರವಚನ ನಡೆಸ್ತೀಯೋ?”

“ಎರಡೂ. ಪ್ರವಚನ ಪುಕ್ಕಟೆ.”

ಅವನು ಗಿಡ್ಡ ಕೋಲೊಂದನ್ನು ಕೊಟ್ಟ. ಎಫಿ ಅಲ್ಲಾಡಿಸಿ ನೋಡಿದಳು. ಪೊಲೀಸಿನವನ ಹಾಗೆ ಸೆಟೆದುಕೊಂಡಿತ್ತು. ಫಾರ್ಕರ್ ಮೆಲ್ಲಗೆ ಅದನ್ನು ವಾಪಸು ತೆಗೆದುಕೊಂಡು ಹತ್ತಡಿಯ, ನಡುವಿನಲ್ಲಿ ಮೆತ್ತಗೆ ಬಳುಕುವ ಇನ್ನೊಂದನ್ನು ಅವಳ ಕೈಗಿಟ್ಟ. “ದೂರ ಎಸೆಯೋದಕ್ಕಲ್ಲ ಇದು. ಕಾಡು ಟ್ರೌಟ್ ಮೀನು ದೋಣಿ ಪಕ್ಕಕ್ಕೇ ಏಳುತ್ತೆ, ದಾರದ ಮೂರು ನೊಣದಲ್ಲಿ ಮೇಲಿನದು ಅಲೆ ಮೇಲೆ ಕುಣೀಬೇಕು. ಅದಕ್ಕೆ ಉದ್ದ ಬೇಕು. ಹೊಳೇಲೂ ದಾರಾನ ಬಂಡೆ ಮೇಲಿಂದ ಎತ್ತಿ ಹಿಡಿಯುತ್ತೆ. ಕಣ್ಣು ಮುಚ್ಕೋ ಎಫಿ. ನಾನು ತುದಿ ಎಳೀತೀನಿ, ಗೊತ್ತಾದಾಗ ಹೇಳು.”

ದಾರವನ್ನು ಕೋಲಿನ ಉಂಗುರಗಳಲ್ಲಿ ಪೋಣಿಸಿ, ಅದರ ತುದಿಯನ್ನು ಬಾಗಿಲ ಬಳಿಯವರೆಗೆ ಎಳೆದು ಕಾಲೊರಸಿನ ಮೇಲೆ ಬಿಟ್ಟು, ಕನ್ನಡಕ ತರಲು ಅವನು ಒಳಕೋಣೆಗೆ ಹೋದ. ಎಫಿ ಕಣ್ಣು ಮುಚ್ಚಿ ನಿಂತಿದ್ದಳು.

“ಹೂಂ. ಎಳೆದೆ ನೀನು,” ಎಂದಳು. “ಎರಡು ಸಲ. ಯಾರನ್ನೋ ಕರೆದಂಗೆ.”

“ತಡಿಯೇ, ನಾನಿನ್ನೂ ದಾರ ಮುಟ್ಟೇ ಇಲ್ಲ!” ಫಾರ್ಕರನ ದನಿ ಒಳಗಿನಿಂದ ಬಂತು.

ಬಾಗಿಲು ಮುಚ್ಚಿತ್ತು. ದಾರದ ತುದಿ ಇದ್ದಲ್ಲೇ ಇತ್ತು. ಬಗ್ಗಿ ಮುಟ್ಟಿದೆ; ಗೇಣುದ್ದ ಒದ್ದೆಯಾಗಿತ್ತು. ಅವತ್ತು ಊರಿನಲ್ಲಿ ಮಳೆ ಇರಲಿಲ್ಲ. ಈ ಸೀಮೆಯಲ್ಲಿ ಅದೇ ಒಂದು ಪವಾಡ, ಆದರೆ ನನ್ನ ಬೆನ್ನು ತಣ್ಣಗಾದದ್ದು ಅದಕ್ಕಲ್ಲ.

ಎಫಿ ಕಣ್ಣು ಬಿಟ್ಟು ಆ ತುದಿಯನ್ನು ನೋಡಿದಳು. ಅಂಗಡಿಯಲ್ಲಿ ಇನ್ನೂ ಬೇಕಾದಷ್ಟು ಕೋಲುಗಳಿದ್ದವು. “ಇದನ್ನೇ ಕಟ್ಟಿಕೊಡು,” ಎಂದಳು. “ಲಾಖ್‌ಗೇ ಬೇಕು.”

ಮುಂದಿನ ವಾರ ಕಟ್ಟೆಯ ಮೇಲೆ ಕೂತು ತಾನೇ ಮೂರು ನೊಣ ಕಟ್ಟಿದಳು. ನಾನು ದಾರ ಹಿಡಿದುಕೊಂಡಿದ್ದೆ. ಅವಳ ಬೆರಳು ಬಲಕ್ಕೆ ಸುತ್ತುವುದನ್ನು ಕಣ್ಣಾರೆ ಕಂಡೆ. ಭುಜ ನೋಯುತ್ತಿದ್ದುದರಿಂದ ಹುಟ್ಟು ನನ್ನ ಪಾಲಿಗೆ ಬಂತು. ದೋಣಿಯನ್ನು ಬಲಕ್ಕೆ ತಿರುಗಿಸಿ ಹೊರಟೆ.

“ಏನೇ ಇದು, ದೋಣಿ ನಡೆಸ್ತಿದೀಯೋ, ಸೂಪ್ ಕಲಕ್ತಿದೀಯೋ?”

“ಉಪ್ಪು ಸಾಕಾ ನೋಡು.”

ಅವಳು ನಕ್ಕಳು. ಉತ್ತರದ ಕೊಲ್ಲಿಯ ಬಾಯಿಗೆ ಬಂದಾಗ ನಗು ನಿಂತಿತು. ಲಾಖ್‌ನ ಮೇಲೆಲ್ಲ ಗಾಳಿಯಿತ್ತು, ಇಲ್ಲಿ ಇರಲಿಲ್ಲ. ನೀರು ಕಪ್ಪು ಗಾಜಿನಂತೆ ಮಲಗಿತ್ತು. ನಾನು ಹುಟ್ಟು ಹಾಕಿದ ಸದ್ದು ಸ್ವಲ್ಪ ತಡವಾಗಿ ಕೇಳಿಸಿತು, ಹಿಂದೆ ಇನ್ನೊಂದು ದೋಣಿ ಬರುತ್ತಿರುವಂತೆ. ನಾನು ನಿಲ್ಲಿಸಿದೆ. ಆ ಸದ್ದು ಇನ್ನೊಂದು ಸಲ ಕೇಳಿಸಿ ಆಮೇಲೆ ನಿಂತಿತು.

“ಪ್ರತಿಧ್ವನಿ ಅಲ್ವಾ?” ಎಂದೆ.

“ಅಂತಿಟ್ಕೋ,” ಎಂದಳು ಎಫಿ.

ಅವಳು ದಾರ ಬೀಸಿದಳು. ಬದುಕಿಡೀ ಬೇರೆಯವರ ಕೈ ನೋಡಿದವಳ ಕೈ. ನೊಣಗಳು ಉಸಿರಿನಷ್ಟು ಹಗುರಾಗಿ ಇಳಿದವು. ಮೇಲಿನ ನೊಣ ದೋಣಿಯ ಹತ್ತಿರ ಕುಣಿಯುತ್ತ ಬಂತು, ಮುಳುಗಿತು. ಕೋಲು ಎರಡು ಸಲ ಜಗ್ಗಿತು. ಆಮೇಲೆ ಹಿಡಿಕೆಯವರೆಗೂ ಬಾಗಿ ಹಾಗೇ ನಿಂತಿತು.

“ದೊಡ್ಡದಾ?” ಎಂದು ಪಿಸುಗುಟ್ಟಿದೆ.

“ಮೀನಾಗಿದ್ರೆ ತಲೆ ಒದರುತ್ತೆ. ಇದು ಹಿಡ್ಕೊಂಡಿದೆ ಅಷ್ಟೆ.” ಅವಳು ಎಳೆಯಲಿಲ್ಲ. ನೀರಿನತ್ತ ಬಗ್ಗಿ, ಬಾಗಿಲಾಚೆ ಇರುವವರೊಡನೆ ಮಾತಾಡುವ ದನಿಯಲ್ಲಿ ಕೇಳಿದಳು: “ಏನೋ? ಇನ್ನೂ ಸಿಟ್ಟಾ?”

ನಾನು ಹುಟ್ಟುಗಳನ್ನು ಅಪ್ಪಿಕೊಂಡು ಕೂತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಪ್ರಾರ್ಥನೆಗಳೆಲ್ಲ ಬಾಯಿಗೆ ಒಟ್ಟಿಗೇ ಬಂದು ಒಂದೂ ಹೊರಡಲಿಲ್ಲ. ಕೋಲು ನಿಧಾನವಾಗಿ ನೆಟ್ಟಗಾಯಿತು. ಕಿತ್ತುಕೊಂಡಂತೆ ಅಲ್ಲ, ಬಿಟ್ಟುಕೊಟ್ಟಂತೆ.

ಎಫಿ ದಾರ ಸುತ್ತಿಕೊಂಡಳು. ಮೂರೂ ನೊಣ ಇದ್ದವು. ಮೇಲಿನದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ನನ್ನ ಕಡೆ ಚಾಚಿದಳು. ಗಂಟು ಬಿಗಿಯಾಗಿ, ಅಂದವಾಗಿ ಕೂತಿತ್ತು. ಸುತ್ತುಗಳು ಎಡಕ್ಕಿದ್ದವು.

“ಇನ್ನೂ ಬಿಟ್ಟಿಲ್ಲ ನೋಡು ಆ ಕೆಟ್ಟ ಬುದ್ಧಿ,” ಎಂದಳು ಎಫಿ. ಅವಳ ಕಣ್ಣು ತುಂಬಿತ್ತು. ಮುಖದಲ್ಲಿ ಮಾತ್ರ, ಎಷ್ಟೋ ವರ್ಷ ಹೊತ್ತದ್ದನ್ನು ಇಳಿಸಿದವಳ ನಗು. “ಸಿಟ್ಟಿದ್ದಿದ್ರೆ ಕಟ್ಟಿ ಕೊಡ್ತಿದ್ನಾ? ಏಳು. ಹುಟ್ಟು ಕೊಡಿಲ್ಲಿ.”

“ನಿನ್ನ ಭುಜ?”

“ಅವತ್ತು ಹಾಕಬೇಕಿದ್ದ ಹುಟ್ಟು. ಕೊಡು.”

ಜಾಗ ಬದಲಿಸಿದೆವು. ನಾನು ಹಿಂದಿನ ಹಲಗೆಯಲ್ಲಿ ಕೂತೆ. ಎಫಿ ದೋಣಿಯನ್ನು ತಿರುಗಿಸಿದಳು, ಎಡಕ್ಕೆ.

“ಎಫಿ! ಎಡಕ್ಕಾ?”

“ಇದೊಂದು ಸಲ.” ಎರಡು ಹುಟ್ಟು ಹಾಕಿ ನಿಲ್ಲಿಸಿದಳು. “ನೀನು ಮುಂದಿನ ಹಲಗೆಗೆ ಹೋಗಿ ಕೂತ್ಕೋ ಮಾರಾಯ್ತಿ. ಹಿಂದುಗಡೆ ಭಾರ ಜಾಸ್ತಿ ಆಗಿದೆ.”

“ನನ್ನ ತೂಕದ ಮಾತು ಈಗ್ಯಾಕೆ?”

“ನಿನ್ನದಲ್ಲ,” ಎಂದಳು.

ನಾನು ತೆವಳಿಕೊಂಡು ಅವಳ ಬೆನ್ನ ಹಿಂದಕ್ಕೆ, ದೋಣಿಯ ಮೂತಿಗೆ ಹೋಗಿ ಕೂತೆ. ನಾನು ಬಿಟ್ಟುಬಂದ ಹಿಂಬದಿ ಮೇಲೇಳಲಿಲ್ಲ. ನೀರಿಗೆ ಒತ್ತಿಕೊಂಡೇ ಇತ್ತು. ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ದಡದವರೆಗೂ ಎಫಿ ಆ ಖಾಲಿ ಹಲಗೆಯನ್ನು ನೋಡುತ್ತ, ಗಂಟು ಕಟ್ಟುವ ಸರಿಯಾದ ಕ್ರಮ ಯಾವುದೆಂದು ಜಗಳವಾಡುತ್ತಲೇ ಬಂದಳು. ನಡುನಡುವೆ ಸುಮ್ಮನಾಗಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.