ತುಂಗಮ್ಮನ ನಾಲ್ಕು ಮೂಟೆ ಹಣ್ಣು

ಕೊಯ್ಲಿನ ಕಾಲದಲ್ಲಿ ತುಂಗಮ್ಮ ಬೆಳಿಗ್ಗೆ ಎದ್ದ ಕೂಡಲೇ ಬಲಗೈಯನ್ನು ಮೊಣಕೈವರೆಗೂ ಬರೀ ಬಿಸಿನೀರಿನಲ್ಲಿ ತೊಳೆಯುತ್ತಾರೆ. ಸೋಪು ಮುಟ್ಟುವುದಿಲ್ಲ, ಬೆಳ್ಳುಳ್ಳಿ ಸುಲಿಯುವುದಿಲ್ಲ; ಬೀಜ ಮುಟ್ಟಿ ನೋಡುವ ಕೈಗೆ ಬೇರೆ ವಾಸನೆ ಹತ್ತಬಾರದು. ಆಮೇಲೆ ದೇವರಿಗೆ ದೀಪ ಹಚ್ಚಿ ಬೆಳೆಗಾರರ ಸಂಘದ ಪಲ್ಪರ್ ಮನೆಗೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಇರುವಲ್ಲಿಗೆ, ನಡೆಯುತ್ತಾರೆ.

ಸಂಸೆ ಸುತ್ತಿನ ಇಪ್ಪತ್ತಾರು ಸಣ್ಣ ಬೆಳೆಗಾರರ ಕಾಫಿ ಹಣ್ಣು ಅಲ್ಲಿ ಒಂದೇ ತೊಟ್ಟಿಗೆ ಸೇರುತ್ತದೆ. ಸಿಪ್ಪೆ ಸುಲಿದ ಬೀಜ ಒಂದೂವರೆ ದಿನ ಹುದುಗಬೇಕು. ಹಿಡಿ ಬೀಜ ಉಜ್ಜಿದಾಗ ಲೋಳೆ ಜಾರದೆ ಗರಗರ ಎಂದರೆ ತೊಳೆಯಬಹುದು. ಅದನ್ನು ಹೇಳುವುದು ತುಂಗಮ್ಮ. ಕೊಯ್ದ ದಿನವೇ ಬಾರದ ಹಣ್ಣನ್ನು ಹಿಂದಕ್ಕೆ ಕಳಿಸುವುದೂ ಅವರೇ. ಹುಳಿ ಬಂದ ಒಂದು ಮೂಟೆ ಸಾಕು, ಇಡೀ ತೊಟ್ಟಿಯ ರುಚಿ ಕೆಡುತ್ತದೆ.

ಆ ಗುರುವಾರ ಅವರ ಕಾಲು ಒಂದು ಕಡೆ ನಿಲ್ಲಲಿಲ್ಲ. ತಮ್ಮ ತೋಟದಲ್ಲಿ ಬೋರರ್ ಹುಳ ಕೊರೆದ ಗಿಡಗಳನ್ನು ಕಿತ್ತು, ನಾಲ್ಕು ವರ್ಷದ ಹಿಂದೆ ನೆಟ್ಟ ಹೊಸ ಗಿಡಗಳ ಮೊದಲ ಫಸಲು ಹಿಂದಿನ ಸಂಜೆಯೇ ಬರಬೇಕಿತ್ತು. ನಾಲ್ಕೇ ಮೂಟೆ. ಖರೀದಿದಾರರು ರುಚಿ ನೋಡುವ ಸ್ಯಾಂಪಲ್ ಆ ವಾರದ ಬೀಜದಿಂದಲೇ ಹೋಗುವುದಿತ್ತು. ಅದರಲ್ಲಿ ತಮ್ಮ ಗಿಡದ್ದೂ ಇರಲಿ ಎಂದು ಹೊರನಾಡು ದೇವಸ್ಥಾನದ ಅಮ್ಮನಿಗೆ ಹೇಳಿಕೊಂಡಿದ್ದರು. ರಸ್ತೆಗೆ ಹೋಗಿ ನೋಡಿದರು, ತೊಟ್ಟಿಯ ಬಳಿ ಬಂದರು, ಮತ್ತೆ ರಸ್ತೆಗೆ ಹೋದರು.

ಮಧ್ಯಾಹ್ನ ಮೂರಕ್ಕೆ ಅಬ್ದುಲ್ ರಹೀಮರ ಜೀಪು ಬಂತು. ಅವರೂ ಸಂಘದ ಸದಸ್ಯರು. ಎಲ್ಲರ ಮೂಟೆ ತರುವುದು ಅವರ ಜೀಪೇ.

"ನಿನ್ನೆ ಸಂಜೆ ಏರಲ್ಲಿ ಆಕ್ಸಲ್ ಕಟ್ಟಾಗಿ ರಾತ್ರಿಯೆಲ್ಲ ಅಲ್ಲೇ ನಿಂತೆ ತುಂಗಕ್ಕ, ನಿಮ್ದೇ ಕೊನೇ ಟ್ರಿಪ್ಪು. ಇಬ್ಬನಿ ಬೀಳುತ್ತೆ ಅಂತ ಟಾರ್ಪಲ್ ಬಿಗಿಯಾಗಿ ಕಟ್ಟಿದ್ದೆ. ನನಗೆ ಕಂಬಳಿ ಇರ್ಲಿಲ್ಲ, ನಿಮ್ಮ ಹಣ್ಣು ಮಾತ್ರ ಬೆಚ್ಚಗೆ ಮಲಗಿತ್ತು."

ತುಂಗಮ್ಮ ನಗಲಿಲ್ಲ. ಮೂಟೆ ಬಿಚ್ಚಿ ಕೈ ಇಳಿಸಿದರು. ನಡುವಿನ ಹಣ್ಣು ಬಿಸಿಯಾಗಿತ್ತು, ಹುಳಿ ವಾಸನೆ ಮೂಗಿಗೆ ಹೊಡೆಯಿತು. ನಾಲ್ಕೂ ಹಾಗೆಯೇ. ಮೊದಲನೆಯದಕ್ಕೆ ಇನ್ನೊಮ್ಮೆ ಕೈ ಹಾಕಿದರು, ಅಷ್ಟರಲ್ಲಿ ತಣ್ಣಗಾಗಿರಬಹುದೇನೋ ಎಂಬಂತೆ.

"ಹೋದ ವಾರ ನನ್ನ ಮೂಟೆ ವಾಪಸ್ ಕಳಿಸೋವಾಗ ಇಷ್ಟು ಹೊತ್ತು ನೋಡ್ಲಿಲ್ಲ ನೀವು," ಎಂದರು ರಹೀಮ್.

"ನಿಮ್ದು ಗೇಟಿಂದಲೇ ನಾತ ಬರ್ತಿತ್ತು ಮಾರಾಯ್ರೆ."

ರಹೀಮ್ ನಕ್ಕು, ದನಿ ತಗ್ಗಿಸಿದರು. "ತಪ್ಪು ನಂದು, ಟಾರ್ಪಲ್ ಕಟ್ಟಿದ್ದು ನಾನು. ಇನ್ನೂ ಯಾರೂ ಬಂದಿಲ್ಲ. ಸಂಜೆ ಬರೋ ಹಣ್ಣಿನ ಜೊತೆ ನಾನೇ ಪಲ್ಪರಿಗೆ ಸುರೀತೀನಿ, ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ ಸಾಕು. ನಾಲ್ಕು ವರ್ಷ ಕಾದಿದ್ದೀರಿ."

ತುಂಗಮ್ಮ ಪಲ್ಪರಿನ ಕಡೆ ನೋಡಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಬೇಡ ರಹೀಮಣ್ಣ. ಉಳಿದ ಇಪ್ಪತ್ತೈದು ಮನೆಯವರದ್ದೂ ಬೀಳುತ್ತೆ ಅದರಲ್ಲಿ. ಕಣದ ಆಚೆ ಮೂಲೇಲಿ ಹರವೋಣ, ಸಿಪ್ಪೆ ಸಮೇತ ಒಣಗ್ಲಿ. ಬಂದಷ್ಟು ರೇಟಿಗೆ ಹೋಗ್ಲಿ."

ರಹೀಮ್ ಇನ್ನೇನೋ ಹೇಳಲು ಹೊರಟರು. ತುಂಗಮ್ಮ ಆಗಲೇ ಮೊದಲ ಮೂಟೆಯ ಒಂದು ತುದಿ ಹಿಡಿದು ಕಣದ ಕಡೆ ಎಳೆಯುತ್ತಿದ್ದರು.